ನಲ್ಲಿ ಅಜ್ಜನ ಬೆರಳು

ಮೊನ್ನೆ ಹರಿಹರದ ನಮ್ಮ ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು. ರಿಪೇರಿ ನನಗೆ ಬಿಡಿ ಎಂದು ಎದೆ ತಟ್ಟಿಕೊಂಡು, ನೀರು ಬಂದ್ ಮಾಡದೆಯೇ ನಲ್ಲಿಯ ತಲೆ ಬಿಚ್ಚಿದೆ. ತುಂಗಭದ್ರೆ ಇಡಿಯಾಗಿ ಒಳಗೆ ಬಂದಳು. ಅಕ್ಕಿ ಡಬ್ಬಿ ತೇಲಿತು, ಹಿಂದೆಯೇ ನಾನೂ ತೇಲಿದೆ. ಕೊನೆಗೆ ವಾಷರಿಗಾಗಿ ಹಳೆ ಟ್ರಂಕು ತಡಕುವಾಗ ಚರ್ಮದ ಬಿಲ್ಲೆಯೊಂದು ಸಿಕ್ಕಿತು, ನಡುವೆ ತೂತು. ಯಾರದೋ ಸವೆದ ಚಪ್ಪಲಿಯಿಂದ ಕತ್ತರಿಸಿದ್ದು. ಯಾರದೋ ಅಂದೆನಲ್ಲ... ನಲ್ಲಿ ಅಜ್ಜನದೇ.

ಕಾಲೇಜು ಓದಲು ದಾವಣಗೆರೆಯ ವಠಾರವೊಂದರಲ್ಲಿ ಕೋಣೆ ಹಿಡಿದಿದ್ದೆ. ಓಣಿಯ ನಲ್ಲಿ, ಮೋರಿಗಳನ್ನೆಲ್ಲ ನೋಡಿಕೊಳ್ಳುತ್ತಿದ್ದ ಮುದುಕ ಎಲ್ಲರಿಗೂ ನಲ್ಲಿ ಅಜ್ಜ. ಬಟ್ಟೆ ಗಿರಣಿಯ ಮಗ್ಗಗಳ ನಡುವೆ ಬಹಳ ವರ್ಷ ನಿಂತು ಕಿವಿ ಪೂರಾ ಹೋಗಿತ್ತು. ನಮ್ಮ ಮಾತನ್ನು ತುಟಿ ನೋಡಿ ತಿಳಿಯುತ್ತಿದ್ದ, ನಲ್ಲಿಯ ಮಾತನ್ನು ಬೆರಳಿನಿಂದ. ಪೈಪಿನ ಮೇಲೆ ಬಲಗೈ ಇಟ್ಟು ಕಣ್ಣು ಮುಚ್ಚಿ, "ವಾಷರ್ ಸವದೈತೆ" ಅನ್ನುತ್ತಿದ್ದ. ಒಮ್ಮೆಯೂ ತಪ್ಪಿದ್ದಿಲ್ಲ. ಅವನ ಅನ್ನ ಆ ಬೆರಳುಗಳಲ್ಲೇ ಇತ್ತು.

ನಾನೊಂದು ದಿನ ಮುದ್ದೆ ತಿರುವಿದೆ. ಅದು ಮುದ್ದೆಯಾಗಲಿಲ್ಲ, ಗಾರೆಯಾಯಿತು. ಹರಿಹರದ ಸೇತುವೆಗೆ ಇನ್ನೊಂದು ಕಂಬ ಕಟ್ಟುವಷ್ಟು ಗಟ್ಟಿ. ಗುಟ್ಟಾಗಿ ಬಚ್ಚಲಿಗೆ ಸುರಿದೆ, ಮೋರಿ ಕಟ್ಟಿತು. ಗಿರಣಿಯಲ್ಲಿದ್ದ ಗೆಳೆಯ ಡಬ್ಬಿಯಲ್ಲಿ ಕಾಸ್ಟಿಕ್ ಸೋಡಾ ತಂದುಕೊಟ್ಟು, "ಎರಡೇ ಚಮಚ ಹಾಕಲೇ, ಕೈ ತಾಗಿಸಬ್ಯಾಡ, ಸುಟ್ಟೀತು" ಅಂದಿದ್ದ. ಎರಡು ಚಮಚದಲ್ಲಿ ಆಗುವ ಕೆಲಸ ಇಡೀ ಡಬ್ಬಿಯಲ್ಲಿ ಇನ್ನೂ ಬೇಗ ಆಗುತ್ತದೆಂದು ಲೆಕ್ಕ ಹಾಕಿದವನು ನಾನು. ಡಬ್ಬಿ ಖಾಲಿಯಾಯಿತು, ನೀರು ಅಲ್ಲಾಡಲಿಲ್ಲ.

ಮನೆಯೊಡತಿ ಅಜ್ಜನನ್ನು ಕರೆಸಿದಳು. "ಇನ್ನೊಂದ್ಸಲ ಬಚ್ಚಲ ಕಟ್ಟಿದ್ರೆ ನಿನ್ ಟ್ರಂಕು ಬೀದಿಗೆ ಬಿತ್ತು ಅಂತ ತಿಳ್ಕಾ. ಕಾಲೇಜಿನಾಗ ಇದನ್ನ ಕಲಿಸ್ತಾರೇನು?" ಎಂದು ಪೊರಕೆ ಹಿಡಿದು ನಿಂತಳು.

ಅಜ್ಜ ಅಂಗಿಯ ತೋಳು ಮಡಚಿ ನನ್ನ ಮುಖ ನೋಡಿದ. "ಏನರ ಹಾಕೀಯೇನಪಾ ಇದರಾಗ?"

ನಾನು ಪೊರಕೆ ನೋಡಿದೆ. ಇಲ್ಲ ಎಂದು ತಲೆಯಾಡಿಸಿದೆ.

ಅಜ್ಜ ಮೋರಿಯೊಳಗೆ ಮೊಣಕೈವರೆಗೆ ಬಲಗೈ ಇಳಿಸಿದ. "ಸಾಬೂನಿನಂಗ ಜಾರ್ತೈತಲ್ಲೋ ತಮ್ಮಾ!" ಎಂದು ನಕ್ಕ. ಆಗಲಾದರೂ ಹೇಳಬಹುದಿತ್ತು... ನಾನೂ ಜೊತೆಗೆ ನಕ್ಕೆ. ಅಜ್ಜ ಒಂದೊಂದೇ ಹಿಡಿ ಹಿಟ್ಟು ಬಗೆದು ತೆಗೆದ. ನೀರು ಸರ್ರನೆ ಇಳಿಯಿತು. ಆಮೇಲೆ ಅವನ ನಗು ನಿಂತಿತು. ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ನಂತರ ಕೂಗಿಕೊಂಡ. ಕಿವಿ ಕೇಳದವರಿಗೆ ತಮ್ಮ ಕೂಗು ಎಷ್ಟು ದೊಡ್ಡದೆಂದು ಗೊತ್ತಾಗುವುದಿಲ್ಲ.

ತಿಂಗಳುಗಳಾದ ಮೇಲೆ ಬಂದ. ಕೈಯ ಚರ್ಮ ಹೊಳೆಯುತ್ತಿತ್ತು, ಎರಡು ಬೆರಳು ಒಳಕ್ಕೆ ಮಡಚಿಕೊಂಡಿದ್ದವು. ನನ್ನ ನಲ್ಲಿಯ ಪೈಪಿನ ಮೇಲೆ ಉಳಿದ ಬೆರಳಿಟ್ಟು ಕಣ್ಣು ಮುಚ್ಚಿದ. ಬಹಳ ಹೊತ್ತು ಹಾಗೇ ನಿಂತಿದ್ದ.

"ಏನೂ ಕೇಳವಲ್ದು ತಮ್ಮಾ."

ಎಡಗೈಯನ್ನೂ ಇಟ್ಟು ನೋಡಿದ. ಅದಕ್ಕೆ ಆ ವಿದ್ಯೆ ಗೊತ್ತಿರಲಿಲ್ಲ. ಜೇಬಿನಿಂದ ಈ ಬಿಲ್ಲೆ ತೆಗೆದು ನನ್ನ ಕೈಗಿಟ್ಟ. "ನೀನ ಹಾಕ್ಕೋ. ಓದಿದವ ಅದೀ."

ಅವನು ಬಾಗಿಲು ದಾಟಿದ ಮೇಲೆ ನನಗೆ ಧೈರ್ಯ ಬಂತು. "ಅಜ್ಜಾ, ಸೋಡಾ ಹಾಕಿದ್ದು ನಾನೇ!" ಎಂದು ಕಿರುಚಿದೆ. ವಠಾರವೆಲ್ಲ ಕೇಳಿತು. ರುಬ್ಬುತ್ತಿದ್ದ ಮನೆಯೊಡತಿಯ ಕೈ ನಿಂತಿತು. ಅಜ್ಜ ತನ್ನ ಪಾಡಿಗೆ ಓಣಿಯ ತಿರುವು ದಾಟಿದ. ಓಡಿಹೋಗಿ ಎದುರಿಗೆ ನಿಂತು ಹೇಳಿದ್ದರೆ ತುಟಿ ನೋಡಿ ತಿಳಿಯುತ್ತಿದ್ದ. ಅದು ಗೊತ್ತಿದ್ದೇ ನಾನು ಅವನ ಬೆನ್ನಿಗೆ ಹೇಳಿದ್ದು. ಮರುವರ್ಷ ಅಜ್ಜ ತೀರಿಕೊಂಡನಂತೆ...

ಮೊನ್ನೆ ಆ ಬಿಲ್ಲೆಯನ್ನೇ ನಲ್ಲಿಗೆ ಹಾಕಿದೆ. ಸರಿಯಾಗಿ ಕೂತಿತು, ತೊಟ್ಟಿಕ್ಕುವುದು ನಿಂತಿತು. ಪೈಪಿನ ಮೇಲೆ ಬೆರಳಿಟ್ಟು ಕಣ್ಣು ಮುಚ್ಚಿದೆ. ಹತ್ತು ಬೆರಳೂ ನೆಟ್ಟಗಿವೆ ನನಗೆ. ಪೈಪು ತಣ್ಣಗಿತ್ತು, ಅಷ್ಟೇ.