ಅಳತೆಗೆ ಕೂಡದ ಆರು ಬಾಣ

ಬಾಣ ಕೊಳ್ಳಲು ಹೋದವಳಿಗೆ ಮೊದಲು ಕಾಫಿ ಸಿಕ್ಕಿತು. ಆಮೇಲೆ ಒಗ್ಗರಣೆ ಅವಲಕ್ಕಿ. ಮಧ್ಯಾಹ್ನಕ್ಕೆ ಅನ್ನ, ಬಸಳೆ ಸೊಪ್ಪಿನ ಹುಳಿ. ಸಂಜೆ ಮತ್ತೆ ಕಾಫಿ. ಬಾಣ ಮಾತ್ರ ಸಿಗಲಿಲ್ಲ.

ಹೌದು, ಬಾಣವೇ. ಬಿಲ್ಲು ಬಾಣದ ಬಾಣ. ನಗಬೇಡಿ.

ಕಳೆದ ವರ್ಷ ಭುಜ ಹಿಡಿದುಕೊಂಡು ತಲೆ ಬಾಚಿಕೊಳ್ಳಲೂ ಆಗದೆ ಒದ್ದಾಡಿದ್ದೆ. ನೋವು ವಾಸಿಯಾದ ಮೇಲೆ ಫಿಸಿಯೋಥೆರಪಿಯವರು, "ಏನಾದ್ರೂ ಒಂದು ಆಟ ಶುರು ಮಾಡಿ ಮೇಡಂ" ಅಂದರು. ಯಾವ ಆಟ? ಶಟಲ್‌ಗೆ ಎದುರಿಗೊಬ್ಬರು ಬೇಕು. ಕೇರಂಗೂ ಬೇಕು. ಬಿಲ್ಲುಗಾರಿಕೆಗೆ ಯಾರೂ ಬೇಡ. (ಮದುವೆ ಮುರಿದುಕೊಂಡು ಹೊಸಮನೆ ಬಡಾವಣೆಯ ಮಹಡಿ ಮನೆಗೆ ಒಬ್ಬಳೇ ಬಂದು ಸೇರಿದವಳು ನಾನು.) ಹಾಗಾಗಿ ರಾಗಿಗುಡ್ಡದ ಹತ್ತಿರದ ಒಂದು ಮೈದಾನದಲ್ಲಿ, ಬೆಳಗಿನ ಹೊತ್ತು, ನಲವತ್ತಾರನೇ ವಯಸ್ಸಿನಲ್ಲಿ ಬಿಲ್ಲು ಹಿಡಿದೆ.

"ಹಂದಿ ಹೊಡೀತೀರಾ ಮೇಡಂ?" ಹಾಲಿನ ಬೂತಿನವರ ಪ್ರಶ್ನೆ. ನನ್ನ ಮೊಬೈಲಿಗೂ ಅದೇ ಅನುಮಾನ. ಬಾಣದ ಬೆಲೆ ಒಮ್ಮೆ ಹುಡುಕಿದ್ದಕ್ಕೆ, ಯಾವುದೋ ದೇಶದ ಗಡ್ಡದವರು ಜಿಂಕೆಗೆ ಹೊಂಚು ಹಾಕುವ ವಿಡಿಯೋಗಳನ್ನು ದಿನಾ ತಂದು ಸುರಿಯುತ್ತದೆ. ಇಲ್ಲಿ ಹಾಗೆ ಮಾಡಿದರೆ ಜೈಲು. ನಾನು ಹೊಡೆಯುವುದು ಫೋಮ್ ಹಲಗೆಗೆ ಅಂಟಿಸಿದ ಕಾಗದಕ್ಕೆ, ಅಷ್ಟೆ.

ಅದೂ ಸರಿಯಾಗಿ ತಾಗುತ್ತಿರಲಿಲ್ಲ. ಮೈದಾನದಲ್ಲಿದ್ದದ್ದು ಯಾರು ಯಾರೋ ಬಿಟ್ಟುಹೋದ ಬಾಣಗಳು. ಒಂದು ಉದ್ದ, ಒಂದು ಗಿಡ್ಡ, ಒಂದಕ್ಕೆ ಗರಿಯೇ ಇಲ್ಲ. ಒಂದು ಎಡಕ್ಕೆ ಹಾರಿದರೆ ಇನ್ನೊಂದು ಬಲಕ್ಕೆ.

"ನಿಮ್ಮ ಕೈ ಸರಿ ಇದೆ ಮೇಡಂ. ಬಾಣ ಒಂದೊಂದು ಒಬ್ಬೊಬ್ರ ಮನೇದು. ನಿಮ್ಮದೇ ಆರು ತಗೊಳ್ಳಿ" ಅಂದರು ಕೋಚ್ ಮಂಜು.

ತಗೊಳ್ಳಿ ಅನ್ನುವುದು ಸುಲಭ. ಒಳ್ಳೆಯ ಬಾಣಗಳ ಒಂದು ಸೆಟ್ಟಿನ ಬೆಲೆಯಲ್ಲಿ ನನ್ನ ಸ್ಕೂಟಿಗೆ ಎರಡೂ ಟೈರು ಬರುತ್ತವೆ. ಅದಕ್ಕೇ ಸೆಕೆಂಡ್ ಹ್ಯಾಂಡ್ ಸಾಮಾನಿನ ಆ್ಯಪ್‌ನಲ್ಲಿ ಹುಡುಕಿದೆ. ಸಿಕ್ಕಿತು! ಆರು ಕಾರ್ಬನ್ ಬಾಣ, ಹಳೆಯವು, ಚೆನ್ನಾಗಿವೆ, ಭದ್ರಾವತಿ.

ಫೋನ್ ಮಾಡಿದೆ. ತೆಗೆದವರು ಸುಲೋಚನಾ ಅಂತ, ಹುಡುಗಿಯರ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿ ನಿವೃತ್ತರಾದವರು. ಅವರ ಭುಜಕ್ಕೆ ಆಪರೇಷನ್ ಆಗಿ ಬಿಲ್ಲು ಎಳೆಯುವುದು ನಿಂತಿತ್ತಂತೆ. ಬಾಣದ ಉದ್ದ ಹೇಳಿದರು. ನನ್ನ ಬಿಲ್ಲಿನ ಬಿಗಿ ಎಷ್ಟು, ಹೆದೆಯನ್ನು ಎಲ್ಲಿಯವರೆಗೆ ಎಳೆಯುತ್ತೀರಿ ಎಂದೆಲ್ಲ ವಿಚಾರಿಸಿದರು. ಹೇಳಿದೆ. ಇನ್ನೊಮ್ಮೆ ಹೇಳಿಸಿಕೊಂಡರು. ಆಮೇಲೆ, "ಭಾನುವಾರ ಬನ್ನಿ. ನೋಡ್ಕೊಂಡೇ ತಗೊಳ್ಳುವಿರಂತೆ" ಅಂದರು.

ಮಂಜು ಅಳತೆ ಕೇಳಿದವರೇ ತಲೆಯಾಡಿಸಿದರು. "ಆ ಬಾಣ ನಿಮಗೆ ಗಿಡ್ಡ ಮೇಡಂ. ನಿಮ್ಮ ಬಿಲ್ಲಿಗೆ ಗಟ್ಟಿನೂ ಜಾಸ್ತಿ. ಸುಮ್ನೆ ಬಸ್ ಚಾರ್ಜ್ ದಂಡ."

ಮಂಜು ಹೇಳಿದ್ದೆಲ್ಲ ಸರಿಯೇ ಇರಬೇಕೆಂದೇನು? ಹಾಗಂತ ನನಗೆ ನಾನೇ ಹೇಳಿಕೊಂಡೆ. ಭಾನುವಾರ ಇಸ್ತ್ರಿ ಮಾಡಿದ ಕಾಟನ್ ಸೀರೆ ಉಟ್ಟು, ಬಿಲ್ಲನ್ನು ಬಿಚ್ಚಿ ಚೀಲಕ್ಕೆ ತುಂಬಿ, ಭದ್ರಾವತಿಯ ಬಸ್ಸು ಹತ್ತಿದೆ.

ಅವರ ಮನೆ ಅಲ್ಲಿನ ಉಕ್ಕಿನ ಕಾರ್ಖಾನೆಯ ಹಳೇ ಕ್ವಾರ್ಟರ್ಸ್ ಸಾಲಿನಲ್ಲಿತ್ತು. ಒಂದು ಮನೆಗೆ ಬೀಗ, ಪಕ್ಕದ್ದಕ್ಕೂ ಬೀಗ, ಅದರಾಚೆಯ ಮನೆಯ ಕಿಟಕಿಯೊಳಗಿಂದ ಆಲದ ಸಸಿ. ಎದುರು ಮನೆಯ ಹೆಂಗಸು ಕನಕಾಂಬರಕ್ಕೆ ನೀರು ಹಾಕುತ್ತಿದ್ದರು.

"ಬಾಣಕ್ಕಾ ಬಂದಿದ್ದು? ಹೋಗಕ್ಕಾ ಹೋಗು, ಟೀಚರಮ್ಮ ಇದಾರೆ" ಅಂದವರು ಯಾಕೋ ನಕ್ಕರು. ಆ ನಗು ನನಗೆ ಅರ್ಥವಾಗಲಿಲ್ಲ.

ಬಾಗಿಲು ತೆಗೆದವರು ಎತ್ತರದ ಹೆಂಗಸು. ಬೆಳ್ಳಗಿನ ಬಾಬ್ ಕಟ್, ಕಾಲಲ್ಲಿ ಕ್ಯಾನ್ವಾಸ್ ಶೂ (ಮನೆಯೊಳಗೂ). "ಬನ್ನಿ ಬನ್ನಿ, ಬಿಸ್ಲಲ್ಲಿ ನಿಂತ್ಕೋಬೇಡಿ." ಕಾಫಿ ಲೋಟ ಖಾಲಿಯಾಗುವಷ್ಟರಲ್ಲಿ ನಾನು 'ನೀವು' ಹೋಗಿ 'ನೀನು' ಆಗಿದ್ದೆ. ಅವಲಕ್ಕಿ ಮುಗಿಯುವಷ್ಟರಲ್ಲಿ ಅವರ ತಾಯಿ ತೀರಿಕೊಂಡದ್ದು, ಅಲ್ಲಿಂದ ಈ ಮನೆಯಲ್ಲಿ ಅವರೊಬ್ಬರೇ ಆದದ್ದು ತಿಳಿದಿತ್ತು. ನನ್ನ ಕತೆಯೂ ಅವರಿಗೆ ತಿಳಿದಿತ್ತು. ಬಾಣದ ಮಾತು ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಊಟವಾಯಿತು. ಹೊರಡುವ ಹೊತ್ತು ಹತ್ತಿರ ಬಂತು. ಕೊನೆಗೆ ನಾನೇ ಕೇಳಿದೆ.

ಬೀರುವಿನಿಂದ ತಂದರು. ಹಳೇ ಸೀರೆಯ ತುಂಡಿನಲ್ಲಿ ಸುತ್ತಿಟ್ಟಿದ್ದ ಕಪ್ಪು ಬಾಣಗಳು, ಹಳದಿ ಗರಿ. ನಾನು ಬಿಲ್ಲು ಜೋಡಿಸಿದೆ. ಒಂದನ್ನು ಅದಕ್ಕೆ ಹೂಡಿಸಿ, "ಬಿಡ್ಬೇಡ. ಮೆತ್ತಗೆ ಎಳಿ ಅಷ್ಟೇ" ಅಂದರು. ಎಳೆದೆ. ಪೂರ್ತಿ ಎಳೆಯುವ ಮೊದಲೇ ಬಾಣದ ಮೊನೆ ಬಿಲ್ಲನ್ನು ದಾಟಿ ಒಳಕ್ಕೆ, ನನ್ನ ಎಡಗೈಯ ನೇರಕ್ಕೆ ಬಂದುಬಿಟ್ಟಿತು.

"ಸಾಕು, ಇಳಿಸು. ಇದನ್ನ ಬಿಟ್ಟಿದ್ರೆ ಗುರಿಗಲ್ಲ, ನಿನ್ನ ಕೈಗೇ ಹೊಕ್ತಿತ್ತು."

ನನಗೆ ಸಿಟ್ಟು ಬಂತು. "ಅಳತೆ ಫೋನಲ್ಲೇ ಹೇಳಿದ್ನಲ್ಲ ಮೇಡಂ. ಆಗ್ಲೇ ಗೊತ್ತಾಗ್ಲಿಲ್ವಾ?"

"ಗೊತ್ತಾಯ್ತು."

"ಮತ್ಯಾಕೆ ಬನ್ನಿ ಅಂದ್ರಿ?"

ಅವರು ಬಾಣದ ಗರಿಯನ್ನು ಹೆಬ್ಬೆರಳಿನಲ್ಲಿ ಸವರುತ್ತ ನಿಂತರು. "ಭಾನುವಾರ ಅಲ್ವೇನೇ ಮಾರಾಯ್ತಿ" ಅಂದರು.

ಬಯ್ಯಬೇಕೆಂದು ಬಾಯಿ ತೆರೆದೆ. ಹೊರಬಿದ್ದದ್ದು ಬೇರೆಯೇ ಮಾತು. "ನಂಗೂ ಗೊತ್ತಿತ್ತು ಮೇಡಂ. ಹೋಗ್ಬೇಡಿ ಅಂತ ಕೋಚ್ ಹೇಳಿದ್ರು."

ಇಬ್ಬರೂ ನಕ್ಕೆವು. ನಗು ಬೇಗ ನಿಂತುಹೋಯಿತು.

ಆಮೇಲೆ ಅವರು ಎಲ್ಲ ಹೇಳಿದರು. ಜಾಹೀರಾತು ನೋಡಿ ಬಂದವರಲ್ಲಿ ನಾನು ಮೊದಲನೆಯವಳಲ್ಲ. ಮಗಳನ್ನು ಕರೆದುಕೊಂಡು ಒಬ್ಬ ತಂದೆ ಬಂದಿದ್ದರಂತೆ. ಶಂಕರಘಟ್ಟದ ಯೂನಿವರ್ಸಿಟಿಯಿಂದ ಒಬ್ಬ ವಿದ್ಯಾರ್ಥಿನಿ ಬಂದಿದ್ದಳಂತೆ. ಅವಳಿಗೆ ಈ ಬಾಣ ಕಡೆದಿಟ್ಟ ಹಾಗೆ ಸರಿಹೋಗಿತ್ತು. ಆದರೂ ಇವರು, ಬೇರೆಯವರು ಆಗಲೇ ಮಾತಾಡಿಟ್ಟಿದ್ದಾರೆ ಎಂದು ಸುಳ್ಳು ಹೇಳಿ ಕಳಿಸಿದರಂತೆ.

"ಅವಳಿಗೆ ಕೊಡಬಹುದಿತ್ತಲ್ಲ?" ಅಂದೆ.

"ಅವಳಿಗೆ ಕೊಟ್ಟಿದ್ರೆ ನೀನು ಬರ್ತಿದ್ಯಾ?"

ನೀವಾಗಿದ್ದರೆ ಏನನ್ನುತ್ತಿದ್ದಿರಿ?

ಬರಿಗೈಯಲ್ಲಿ ಕಳಿಸಬಾರದೆಂದೋ ಏನೋ, ಬಟ್ಟೆ ಹೊಲಿಯುವ ಟೇಪು ತಂದು ನನ್ನ ತೋಳು ಅಳೆಯತೊಡಗಿದರು. "ದುಬಾರೀದು ಬೇಡ. ಸದ್ಯಕ್ಕೆ ನಿಂಗೆ ಅದು ದಂಡ. ಕಡಿಮೆ ಬೆಲೇದೇ ತಗೋ, ಆದ್ರೆ ಆರೂ ಒಂದೇ ಕಂಪನೀದು, ಒಂದೇ ತೂಕ, ಒಂದೇ ಥರ ಬಾಗೋದು ಇರ್ಲಿ. ಸ್ವಲ್ಪ ಉದ್ದಾನೇ ತರಿಸು, ಉದ್ದ ಇದ್ರೆ ಕತ್ತರಿಸಬಹುದು. ಆರೂ ಒಂದೇ ಕಡೆ ತಪ್ಪಿದ್ರೆ ಗುರಿ ತಿದ್ಕೋಬಹುದು ಕಣೇ. ಒಂದೊಂದೂ ಒಂದೊಂದು ಕಡೆ ಹೋದ್ರೆ ಏನಂತ ತಿದ್ತೀಯ?"

ಮಾತು ಕೇಳಿಸುತ್ತಿತ್ತು. ಆದರೆ ನನ್ನ ಗಮನ ಅಲ್ಲಿರಲಿಲ್ಲ. ಅವರ ಒಂದು ಕೈ ನನ್ನ ಭುಜದ ಮೇಲಿತ್ತು, ಇನ್ನೊಂದು ಮಣಿಕಟ್ಟಿನ ಮೇಲೆ. ಫೀಸು ತೆಗೆದುಕೊಳ್ಳದೆ ಯಾರಾದರೂ ನನ್ನ ತೋಳು ಮುಟ್ಟಿ ಎಷ್ಟು ಕಾಲವಾಗಿತ್ತು? ಅಳತೆ ಬೇಗ ಮುಗಿಯದಿರಲಿ ಅನ್ನಿಸಿತು. ಅವರೂ ಏನೂ ಅವಸರ ಮಾಡಲಿಲ್ಲ.

ಬಸ್ ಸ್ಟಾಪಿನವರೆಗೂ ಜೊತೆಯಲ್ಲೇ ಬಂದರು. ಮತ್ತೆ ಬಾ ಎಂದು ಅವರು ಹೇಳಲಿಲ್ಲ. ಬರ್ತೀನಿ ಎಂದು ನಾನೂ ಹೇಳಲಿಲ್ಲ. ಬಸ್ಸು ಹೊರಟಾಗ ಕೈ ಎತ್ತಿದರು. ಆಪರೇಷನ್ ಆದ ಕೈ, ಎದೆಯ ಮಟ್ಟಕ್ಕೇ ನಿಂತಿತು.

ಅವರು ಹೇಳಿದಂಥ ಬಾಣವನ್ನೇ ಆನ್‌ಲೈನ್‌ನಲ್ಲಿ ತರಿಸಿದೆ. ಕೊರಿಯರ್‌ನವನು ಗೇಟಿಗೆ ಒರಗಿಸಿ, ಫೋಟೋ ತೆಗೆದುಕೊಂಡು, ನಾನು ಮೆಟ್ಟಿಲು ಇಳಿಯುವಷ್ಟರಲ್ಲಿ ಮಾಯ. ಮಂಜು ನನ್ನ ಅಳತೆಗೆ ಕತ್ತರಿಸಿಕೊಟ್ಟರು. ಮೊದಲ ಬೆಳಗ್ಗೆ ಆರೂ ಬಾಣ ಕೆಳಗೆ, ಎಡಕ್ಕೆ, ಒಂದೇ ಕಡೆ ಗುಂಪಾಗಿ ನಾಟಿದವು. ಗುರಿ ತಿದ್ದಿಕೊಂಡೆ. ಮತ್ತೆ ಬಿಟ್ಟಾಗ ಆರೂ ನಟ್ಟನಡುವಿನ ಹಳದಿ ವೃತ್ತದೊಳಗೆ!

"ಭಲೇ ಮೇಡಂ!" ಅಂದು ಮಂಜು ಕಲಿಯಲು ಬಂದಿದ್ದ ಮಕ್ಕಳ ಕಡೆ ಹೋದರು. ನಾನು ಫೋನ್ ತೆಗೆದೆ. ಸುಲೋಚನಾ ಮೇಡಂ ಹೆಸರಿನವರೆಗೂ ಹೋದೆ. ಫೋನನ್ನು ಚೀಲಕ್ಕೆ ಹಾಕಿದೆ.

ಯಾಕೆ? ಎತ್ತಿದ ಕೂಡಲೇ ಆ ಕಡೆಯಿಂದ "ಏನ್ ವಿಷ್ಯ?" ಅನ್ನುತ್ತಾರೆ ಎಂಬ ಭಯ. ನಮ್ಮ ಕಡೆ ಅದೇ ಅಲ್ಲವೇ ಮೊದಲ ಪ್ರಶ್ನೆ? ಬಾಗಿಲು ತಟ್ಟಿದರೂ "ಏನ್ ಬಂದಿದ್ದು?" 'ಸುಮ್ಮನೆ' ಎಂದರೆ ಯಾರೂ ನಂಬುವುದಿಲ್ಲ. ಇನ್ಶೂರೆನ್ಸ್ ಇರಬೇಕು ಅಂದುಕೊಳ್ಳುತ್ತಾರೆ. ನಮ್ಮಮ್ಮ ಮೊಸರಿಗೆ ಹೆಪ್ಪು ಬೇಕೆಂದು ಪಕ್ಕದ ಮನೆಗೆ ಹೋದರೆ ಕಾಯಿಸಿಟ್ಟ ಹಾಲು ಆರಿ ತಣ್ಣಗಾದ ಮೇಲೇ ಬರುತ್ತಿದ್ದಳು. ಅವಳು ಹೋಗುತ್ತಿದ್ದದ್ದು ಹೆಪ್ಪಿಗೇ ಎಂದು ಮನೆಯಲ್ಲಿ ಎಲ್ಲರೂ ನಂಬಿದ್ದೆವು. ಈಗ ಹೆಪ್ಪೂ ಬೇಡ, ಮೊಸರೇ ಗೇಟಿಗೆ ಬರುತ್ತದೆ. ಏಣಿ, ನಿಂಬೆಹಣ್ಣು, ಮಿಕ್ಸಿ ಜಾರು, ಎಲ್ಲವೂ ಬರುತ್ತವೆ. ಇನ್ನೊಬ್ಬರ ಮನೆಯಲ್ಲಿ ಕೂತು ಕಾಫಿ ಕುಡಿಯಲು ಇದ್ದ ನೆಪಗಳನ್ನೆಲ್ಲ ಯಾರೋ ಡೆಲಿವರಿ ಕೊಟ್ಟು ಮುಗಿಸಿಬಿಟ್ಟಿದ್ದಾರೆ.

ಬಾಣ ಬಂದಾಯಿತು, ಗುರಿಯೂ ಕೂಡಿತು. ಇನ್ನೇನು ಬೇಕಾಗಿದೆಯೆಂದು ಹೇಳಿಕೊಂಡು ನಾನು ಭದ್ರಾವತಿಯ ಬಸ್ಸು ಹತ್ತಲಿ?