ಸೀಲ್ ಗೌರಮ್ಮನ ಹಗೆ

ಕಾಮಾಕ್ಷಿಪಾಳ್ಯದ ಗೌರಮ್ಮನವರ ಅಂಗಡಿಗೆ ಸೋರುವ ಜಾಕ್, ಸೋರುವ ಪಂಪು, ಏನನ್ನೇ ಎತ್ತಿಕೊಂಡು ಹೋದರೂ ಮೊದಲು ಬರುತ್ತಿದ್ದದ್ದು ಒಂದೇ ಪ್ರಶ್ನೆ: “ಎದುರುಗಡೆ ತೋರಿಸಿದ್ರಾ?” ಇಲ್ಲವೆಂದರೆ ಅವರು ತಲೆಯನ್ನೇ ಎತ್ತುತ್ತಿರಲಿಲ್ಲ. “ಹೋಗಿ ತೋರಿಸ್ಕೊಂಡು ಬನ್ನಿ. ಅವ್ನು ಆಗಲ್ಲ ಅಂದ್ರೆ ನಾನು ಮಾಡ್ತೀನಿ. ಅವ್ನ ಕೈಲಿ ಆಗೋ ಕೆಲ್ಸ ನನಗ್ಯಾಕೆ?” ಬಂದ ಗಿರಾಕಿಯನ್ನು ಶತ್ರುವಿನ ಬಾಗಿಲಿಗೆ ಕಳಿಸುವ ಅಂಗಡಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಎದುರುಗಡೆಯವನು ಅವರ ಮೈದುನ ನಂಜಪ್ಪ. ಇಬ್ಬರದೂ ಒಂದೇ ಕಸುಬು. ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಸೀಲುಗಳನ್ನು ಮಾಡುವುದು, ಬದಲಿಸುವುದು. ನಡುವೆ ಒಂದು ಸಣ್ಣ ರಸ್ತೆ.

ನಾನಾಗ ಬಸವೇಶ್ವರನಗರದ ಒಂದು ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ದೇಶ ಬಿಟ್ಟು ಹೊರಟಿದ್ದ ವಿದೇಶಿ ಎಂಜಿನಿಯರೊಬ್ಬ ಮನೆ ಸಾಮಾನು ಮಾರುವಾಗ ಅವನ ಹಳೆಯ ಮೌಂಟನ್ ಬೈಕ್ ನನ್ನ ಪಾಲಿಗೆ ಬಂದಿತ್ತು. ಅದರ ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕಿನೊಳಗೆ ಮೋಟಾರ್ ಸೈಕಲ್ಲಿನಲ್ಲಿರುವಂತೆ ಸ್ಪ್ರಿಂಗು, ಎಣ್ಣೆ. ಭಾನುವಾರ ಬಂತೆಂದರೆ ಹೇರೋಹಳ್ಳಿಯ ಹೊಂಡ ಬಿದ್ದ ದಾರಿಗಳಲ್ಲಿ ಅದನ್ನು ಕುಣಿಸಿಕೊಂಡು ಬರುವುದೇ ನನ್ನ ದೊಡ್ಡ ಸುಖವಾಗಿತ್ತು. ಒಂದು ಸಂಜೆ ಕುರುಬರಹಳ್ಳಿಯ ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಹಿಡಿಯಲೇ ಇಲ್ಲ. ಫೋರ್ಕಿನಿಂದ ಸೋರಿದ ಎಣ್ಣೆ ಚಕ್ರದ ರಿಮ್ಮಿಗೆ ಇಳಿದು ಬ್ರೇಕ್ ರಬ್ಬರನ್ನೆಲ್ಲ ನೆನೆಸಿಬಿಟ್ಟಿತ್ತು. ನಿಂತಿದ್ದ ಆಟೋಗೆ ಗುದ್ದಿ ಗದ್ದ ಒಡೆದುಕೊಂಡೆ.

ಗದ್ದದ ಹೊಲಿಗೆ ಬಿಚ್ಚುವ ಮೊದಲೇ ಸೈಕಲ್ ತಳ್ಳಿಕೊಂಡು ನಂಜಪ್ಪನ ಅಂಗಡಿಗೆ ಹೋದೆ. ಅವನು ಫೋರ್ಕನ್ನು ಒಮ್ಮೆ ಒತ್ತಿ ನೋಡಿ, “ಇದರ ಸೀಲ್ ಇಂಡಿಯಾದಲ್ಲೇ ಸಿಗಲ್ಲ ಸಾರ್. ಗುಜರಿಗೆ ಹಾಕಿ. ಇಲ್ಲಾಂದ್ರೆ ಕೆಳಗೊಂದು ಬಾಟ್ಲಿ ಕಟ್ಕೊಳ್ಳಿ, ಆಯಿಲ್ ಆದ್ರೂ ಉಳಿಯುತ್ತೆ” ಎಂದ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಹೊಲಿಗೆ ಎಳೆಯುತ್ತಿದ್ದುದರಿಂದ ನನಗೆ ಹುಸಿನಗೆ ನಗುವುದಕ್ಕೂ ಆಗಲಿಲ್ಲ.

ಗೌರಮ್ಮ ರಸ್ತೆಯಾಚೆಯಿಂದ ಎಲ್ಲವನ್ನೂ ನೋಡುತ್ತಿದ್ದರು. ಐವತ್ತು ದಾಟಿದ ದಪ್ಪ ಹೆಂಗಸು, ಸೀರೆಯ ಮೇಲೆ ಗಂಡನ ಖಾಕಿ ಶರ್ಟು.

“ಏನಂದ ಅವ್ನು?”

“ಗುಜರಿಗೆ ಹಾಕು ಅಂದ್ರು.”

“ಎಲ್ರೂ ನಗ್ತಿದ್ರು?”

“ಹೂಂ.”

ಅವರ ಮುಖ ಅರಳಿತು. ಹಬ್ಬದ ದಿನ ನೆಂಟರನ್ನು ಕರೆಯುವ ದನಿಯಲ್ಲಿ, “ಒಳಗೆ ತನ್ನಿ” ಎಂದರು.

ಫೋರ್ಕನ್ನು ಬಿಚ್ಚಿದಾಗ ಸುಟ್ಟ ಬೆಲ್ಲದ ಪಾಕದಂಥ ಕಪ್ಪು ಎಣ್ಣೆ ಬಂತು. ಒಳಗಿನ ಸೀಲುಗಳು ಗಟ್ಟಿಯಾಗಿ ಬಿರುಕು ಬಿಟ್ಟಿದ್ದವು. ಗೌರಮ್ಮ ಒಂದು ಚೂರನ್ನು ಹಲ್ಲಿನ ನಡುವೆ ಇಟ್ಟು ಕಚ್ಚಿದರು. ರಬ್ಬರಿನ ಗುಣ ತಿಳಿಯಲು ಅದು ಅವರ ಅಭ್ಯಾಸ. ಥೂ ಎಂದು ಉಗಿದು, “ಇದನ್ನ ಮಾಡಿ ಅವ್ನ ಮುಖಕ್ಕೆ ಹಿಡೀತೀನಿ ಮೇಷ್ಟ್ರೇ” ಎಂದರು.

ಆ ಕೆಲಸ ನಡೆಯುತ್ತಿದ್ದ ದಿನಗಳಲ್ಲೇ ಹಗೆಯ ಕಥೆ ನನಗೆ ತಿಳಿದದ್ದು. ಅಂಗಡಿ ಮೊದಲು ಅವರ ಗಂಡ ಕೆಂಪಯ್ಯನವರದು. ತಮ್ಮನಿಗೆ ಕೆಲಸ ಕಲಿಸಿದವರೂ ಅವರೇ. ಕೆಂಪಯ್ಯ ತೀರಿಕೊಂಡ ಮೇಲೆ, ಗೌರಮ್ಮ ಊರಿನಲ್ಲಿ ತಿಥಿಗೆ ಕೂತಿದ್ದ ದಿನ, ನಂಜಪ್ಪ ಇಲ್ಲಿ ಕಬ್ಬಿಣ ಕಡೆಯುವ ಅಣ್ಣನ ಲೇತ್ ಮೆಷಿನ್ನನ್ನು ಕಿತ್ತು ಎದುರಿನ ಮಳಿಗೆಗೆ ಸಾಗಿಸಿದ್ದ. ಅವರು ವಾಪಸ್ಸು ಬಂದು ಬಾಗಿಲು ತೆಗೆದರೆ ನೆಲದಲ್ಲಿ ಬೋಲ್ಟು ಕಿತ್ತ ಗುಂಡಿಗಳು ಮಾತ್ರ ಉಳಿದಿದ್ದವು. “ಹೆಂಗಸು ಲೇತ್ ಇಟ್ಕೊಂಡು ಏನ್ ಮಾಡ್ತಾಳೆ ಅಂದನಂತೆ. ಅವ್ರ ಪಕ್ಕ ನಿಂತು ಇಪ್ಪತ್ತು ವರ್ಷ ಕೆಲ್ಸ ಮಾಡಿದೀನಿ ನಾನು. ಅವ್ನು ನಿನ್ನೆ ಮೊನ್ನೆ ಬಂದೋನು.”

ಸೀಲಿಗೆ ಅಚ್ಚು ಮಾಡಲು ಲೇತ್ ಬೇಕೇ ಬೇಕು. ಎದುರಿಗೆ ಗಂಡನ ಲೇತ್ ಗುಂಯ್ಗುಡುತ್ತಿದ್ದರೂ ಗೌರಮ್ಮ ದೂರದ ಒಂದು ಕಾರ್ಖಾನೆಗೆ ನಡೆದುಹೋಗಿ, ಅಲ್ಲಿನವರು ಊಟಕ್ಕೆ ಎದ್ದಾಗ ಅವರ ಮೆಷಿನ್ನಿನಲ್ಲಿ ಅಚ್ಚು ಕಡೆದುಕೊಂಡು ಬಂದರು. ಆದರೆ ಮೊದಲ ಜೋಡಿ ಸೀಲು ಕೈಕೊಟ್ಟಿತು. ರಬ್ಬರು ಎಣ್ಣೆ ಕುಡಿದು ಉಬ್ಬಿ, ಫೋರ್ಕು ಕೆಳಗಿಳಿದದ್ದು ಮೇಲೆ ಬರಲಿಲ್ಲ. ನಂಜಪ್ಪ ತನ್ನ ಬಾಗಿಲಲ್ಲೇ ನಿಂತು ಚಪ್ಪಾಳೆ ತಟ್ಟಿದ.

ಗೌರಮ್ಮ ಖಾಕಿ ಶರ್ಟಿನ ತೋಳಿನಿಂದ ಮುಖ ಒರೆಸಿಕೊಂಡರು, ಅಷ್ಟೇ. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಸೈಕಲ್ ರಿಪೇರಿಯಾಗಲಿ ಬಿಡಲಿ, ಆ ಚಪ್ಪಾಳೆಯನ್ನು ಅವನಿಗೇ ತಿರುಗಿಸಿ ಕೊಡಬೇಕು ಅನ್ನಿಸಿತು. ಮಾರನೆಯ ದಿನದಿಂದ ಶಾಲೆ ಬಿಟ್ಟ ಮೇಲೆ ನಾನೂ ಅಲ್ಲಿಯೇ. ಫೋರ್ಕಿನ ಪೈಪಿನ ಮೇಲಿದ್ದ ಗೀರುಗಳನ್ನು ನಯವಾದ ಎಮರಿ ಕಾಗದದಿಂದ ಉಜ್ಜುವ ಕೆಲಸ ನನಗೆ ಕೊಟ್ಟರು. ಅವರು ಬೇರೆ ಬೇರೆ ರಬ್ಬರಿನ ಚೂರುಗಳನ್ನು ಎಣ್ಣೆಯ ಡಬ್ಬಿಯಲ್ಲಿ ನೆನೆಹಾಕಿ, ದಿನವೂ ಒಂದೊಂದನ್ನೇ ತೆಗೆದು ಕಚ್ಚಿ ನೋಡುತ್ತಿದ್ದರು.

ಎರಡನೆಯ ಜೋಡಿ ಕೂತಿತು. ಹೊಸ ಎಣ್ಣೆ ತುಂಬಿ, ಬಟ್ಟೆಯಿಂದ ಒರೆಸಿ, ಗೌರಮ್ಮ ಸೈಕಲ್ಲನ್ನು ನನ್ನ ಕೈಗೆ ಕೊಟ್ಟು, “ಹೋಗಿ, ಅವ್ನ ಅಂಗಡಿ ಮುಂದೆ ಮೆಟ್ಲು ಇಳಿಸಿ” ಎಂದರು.

“ಒಂದ್ಸಲಾನಾ?”

“ಅವ್ನು ಎದ್ದು ಬರೋವರೆಗೂ.”

ಫುಟ್‌ಪಾತಿನಿಂದ ರಸ್ತೆಗೆ ಧಡಕ್ಕೆಂದು ಇಳಿಸಿದೆ, ಮತ್ತೆ ಹತ್ತಿಸಿದೆ, ಮತ್ತೆ ಇಳಿಸಿದೆ. ಮೂವತ್ತು ದಾಟಿದ ಮೇಷ್ಟ್ರು ಮಾಡುವ ಕೆಲಸವೇ ಅದು? ಆದರೂ ಅಷ್ಟು ಸಂತೋಷವಾಗಿ ನಾನು ಯಾವತ್ತೂ ಸೈಕಲ್ ಹೊಡೆದಿರಲಿಲ್ಲ. ಕೊನೆಗೆ ನಂಜಪ್ಪ ಎದ್ದು ಬಂದ. ಬಗ್ಗಿ ಫೋರ್ಕಿನ ಬುಡಕ್ಕೆ ಬೆರಳು ಒರೆಸಿ ನೋಡಿಕೊಂಡ. ಬೆರಳಿಗೆ ಎಣ್ಣೆ ಅಂಟಿರಲಿಲ್ಲ.

“ಚೆನ್ನಾಗ್ ಮಾಡಿದೀರ ಅತ್ತಿಗೆ” ಎಂದ.

“ನಿಮ್ಮಣ್ಣನ ಮೆಷಿನ್ ಇಲ್ದೆ ಮಾಡಿದೀನಿ. ಅದನ್ನೂ ಹೇಳು.”

ಅವನು ಹೇಳಲಿಲ್ಲ. ಗೌರಮ್ಮನಿಗೆ ಬರೀ ಆ ಹೊಗಳಿಕೆ ಸಾಲಲಿಲ್ಲ. ಅವತ್ತಿನಿಂದ ಅವರು ‘ಎದುರುಗಡೆ ತೋರಿಸಿದ್ರಾ’ ಎಂದು ಕೇಳುವುದನ್ನೇ ಬಿಟ್ಟು, ಬಂದ ಕೆಲಸವನ್ನೆಲ್ಲ ಹಿಡಿಯತೊಡಗಿದರು. “ಅವ್ನು ಉಗುಳಿದ್ದು ಸಾಕು ಮೇಷ್ಟ್ರೇ. ಇನ್ನು ಅವ್ನ ತಟ್ಟೇಲಿರೋದನ್ನೇ ಎಳ್ಕೊಬೇಕು.” ನಾನೂ ಸುಮ್ಮನಿರಲಿಲ್ಲ. ಸೈಕಲ್ಲಿನ ಗೆಳೆಯರು, ಸ್ಕೂಟರಿನ ಸಹೋದ್ಯೋಗಿಗಳು, ಯಾರ ಬಳಿ ಏನು ಸೋರಿದರೂ ಅವರನ್ನು ಅಲ್ಲಿಗೇ ಕರೆದುಕೊಂಡು ಹೋಗುತ್ತಿದ್ದೆ.

ಎರಡು ವರ್ಷ ಕಳೆಯುವಷ್ಟರಲ್ಲಿ ನಂಜಪ್ಪನ ಅಂಗಡಿ ಬಿಕೋ ಎನ್ನುತ್ತಿತ್ತು. ಲೇತ್ ಮಾರಲು ಹೊರಟ. ನೋಡಲು ಬಂದವರನ್ನೆಲ್ಲ ಗೌರಮ್ಮ ರಸ್ತೆಯಲ್ಲೇ ತಡೆದು ಹೇಳುತ್ತಿದ್ದರು: “ಅದು ನನ್ನ ಗಂಡಂದು. ತಗೊಂಡು ಹೋಗಿ, ನಿಮ್ಮನೆ ಬಾಗಿಲಲ್ಲಿ ಬಂದು ಕೂತ್ಕೋತೀನಿ.” ಒಬ್ಬನೂ ಮುಟ್ಟಲಿಲ್ಲ. ಕೊನೆಗೆ ನಂಜಪ್ಪ ಬೀದಿಯ ಹಿರಿಯರೊಬ್ಬರನ್ನು ಮುಂದೆ ಮಾಡಿಕೊಂಡು ಬಂದ. ಮೆಷಿನ್ ವಾಪಸ್ ಕೊಡುತ್ತಾನಂತೆ, ಜಗಳ ಮುಗಿಸೋಣ ಎಂದರು ಆ ಹಿರಿಯರು.

“ಕೊಡ್ಲಿ. ಆದ್ರೆ ಹಗಲು ಹೊತ್ನಲ್ಲಿ, ನಾನು ನಿಂತಿರೋವಾಗ, ಅವ್ನೇ ತಳ್ಳಬೇಕು.”

ತಳ್ಳಿದ. ಕೆಳಗೆ ಕಬ್ಬಿಣದ ಪೈಪುಗಳನ್ನು ಹಾಕಿ, ಇಬ್ಬರು ಕೂಲಿಯವರ ಜೊತೆ ತಾನೂ ಹೆಗಲು ಕೊಟ್ಟು, ಬೀದಿಗೆ ಬೀದಿಯೇ ನೋಡುತ್ತಿದ್ದಂತೆ ಅಂಗುಲಂಗುಲವಾಗಿ ಉರುಳಿಸಿದ. ಆಟೋಗಳು ಹಾರ್ನ್ ಹೊಡೆದವು. ಪಕ್ಕದ ಗಾರ್ಮೆಂಟ್ಸ್ ಹೆಂಗಸರು ಕಿಟಕಿಗೆ ಬಂದು ನಿಂತರು. ಮೆಷಿನ್ ಹಳೆಯ ಜಾಗದಲ್ಲಿ ಕೂತ ಮೇಲೆ ಅವನು ಹೊಸ್ತಿಲಲ್ಲಿ ಕುಸಿದು, “ಒಂದ್ ಲೋಟ ನೀರು ಕೊಡಿ ಅತ್ತಿಗೆ” ಎಂದ.

ಈಗ ಕರಗುತ್ತಾರೆ ಎಂದುಕೊಂಡೆ ನಾನು.

“ನೀನು ಇದನ್ನ ಎತ್ಕೊಂಡು ಹೋದ ದಿನ ನಾನೂ ನೀರು ಕುಡಿದಿರ್ಲಿಲ್ಲ” ಎಂದು ಗೌರಮ್ಮ ಒಳಗೆ ಹೋದರು. ಆಮೇಲೆ ನಾನು, “ಒಂದು ಲೋಟ ನೀರು ಕೊಡಬಹುದಿತ್ತೇನೋ” ಎಂದದ್ದಕ್ಕೆ, “ಅದೆಲ್ಲ ಟೀವಿ ಸೀರಿಯಲ್‌ನಲ್ಲಿ ಮೇಷ್ಟ್ರೇ” ಎಂದುಬಿಟ್ಟರು.

ಮದುವೆಯಾಗಿ ಕೆಂಗೇರಿಗೆ ಮನೆ ಬದಲಿಸಿದ ಮೇಲೆ ನಾನು ಆ ಕಡೆ ಹೋಗುವುದು ಕಡಿಮೆಯಾಯಿತು. ಕೊನೆಯ ಸಲ ಹೋದಾಗ ಗೌರಮ್ಮ ತೆಳ್ಳಗಾಗಿದ್ದರು. ಶರ್ಟು ಮೈಮೇಲೆ ಜೋಲುತ್ತಿತ್ತು. ಕೇಳಿದರೆ ಶುಗರ್ ಎಂದು ಮಾತು ತೇಲಿಸಿದರು. ನಂಜಪ್ಪನ ವಿಷಯ ಅವರೇ ತೆಗೆದರು. ಲಕ್ವ ಹೊಡೆದು ಮಲಗಿದ್ದಾನಂತೆ. ಒಂದ್ಸಲ ಬಂದು ಹೋಗಿ ಅಕ್ಕಾ ಎಂದು ಅವನ ಹೆಂಡತಿ ಬಂದು ಅತ್ತಳಂತೆ.

“ಹೋಗಿದ್ರಾ?”

“ಹೋದೆ. ರೇಷ್ಮೆ ಸೀರೆ ಉಟ್ಕೊಂಡು ಹೋದೆ. ಪಕ್ಕದಲ್ಲೇ ಕುರ್ಚಿ ಹಾಕಿಸ್ಕೊಂಡು ಸ್ವಲ್ಪ ಹೊತ್ತು ಕೂತಿದ್ದೆ. ಅವ್ನು ನೋಡ್ದ, ನಾನೂ ನೋಡ್ದೆ.”

“ಹಾಗಾದ್ರೆ ಕ್ಷಮಿಸಿಬಿಟ್ರಿ.”

“ಯಾರು ಹೇಳಿದ್ದು?” ಎಂದು ನಕ್ಕರು. “ನಾನಿನ್ನೂ ಎದ್ದು ಓಡಾಡ್ತಿದೀನಿ ಅಂತ ತೋರಿಸೋಕೆ ಹೋಗಿದ್ದು.”

ಅವರಿಬ್ಬರಲ್ಲಿ ಮೊದಲು ತೀರಿಕೊಂಡದ್ದು ಗೌರಮ್ಮ. ಸುದ್ದಿ ನನ್ನನ್ನು ಮುಟ್ಟುವಷ್ಟರಲ್ಲಿ ಕಾರ್ಯಗಳೆಲ್ಲ ಮುಗಿದಿದ್ದವು. ಅವತ್ತು ಸಂಜೆ ನನಗೆ ಮೊದಲು ಬಂದ ಯೋಚನೆ, ನಂಜಪ್ಪನಿಗೆ ಈ ಸುದ್ದಿಯನ್ನು ಯಾರೂ ಹೇಳದಿರಲಿ ಎಂಬುದು.