ಪಾಯಸದ ಜಾಗದ ಮಾತ್ರೆ

ಬಂಗಾಳಿಗಳ ಊರಲ್ಲಿ, ಲೇಕ್ ಗಾರ್ಡನ್ಸ್ ಸ್ಟೇಷನ್ನಿನ ಹತ್ತಿರ ಉಡುಪಿ ಹೋಟೆಲು ಇಟ್ಟ ಹರಿದಾಸರಿಗೆ ಕಣ್ಣು ಮಂಜಾದ ಮೇಲೆ ಮಾತ್ರೆಗಳೆಲ್ಲ ಒಂದೇ ಥರ ಕಾಣತೊಡಗಿದವು. ಒಂದು ಬೆಳಿಗ್ಗೆ ಥೈರಾಯ್ಡಿನದ್ದೆಂದು ನಿದ್ದೆಮಾತ್ರೆ ನುಂಗಿದರು. ಗಲ್ಲಾಪೆಟ್ಟಿಗೆ ಬಿಟ್ಟು ಗಿರಾಕಿಯೊಬ್ಬನ ಎದುರು ಮಾತಿಗೆ ಕೂತವರು ಅವನ ಮಸಾಲೆದೋಸೆಯ ಮೇಲೆಯೇ ಕೆನ್ನೆಯಿಟ್ಟು ಗೊರಕೆ ಹೊಡೆದರು. ಗಿರಾಕಿ ಪಾಪ, ಸಾಂಬಾರು ಮಾತ್ರ ಕುಡಿದು ಸದ್ದಿಲ್ಲದೆ ಎದ್ದುಹೋದ.

"ಇನ್ನೊಂದು ಸಲ ಹೀಗಾದ್ರೆ ಆಯಾನ ಇಡ್ತೇನೆ ಅಪ್ಪ," ಎಂದ ಮಗ ದಿನೇಶ. "ಮಾತ್ರೆ ಅವಳೇ ಬಾಯಿಗೆ ಹಾಕ್ತಾಳೆ."

"ಊರಿಗೆಲ್ಲ ಬಡಿಸಿದವ ನಾನು. ನನ್ನ ಬಾಯಿಗೆ ಇನ್ನೊಬ್ರು ಹಾಕುದಾ? ಎಂತ ಮಾತು ಮಾರಾಯ ಇದು!"

ಆ ಸಿಟ್ಟಿನಲ್ಲಿಯೇ ಅವರಿಗೆ ಉಪಾಯ ಹೊಳೆಯಿತು. ಕಣ್ಣು ಮುಚ್ಚಿ ಕೂತರೂ ಬಾಳೆಲೆಯಲ್ಲಿ ಯಾವುದು ಎಲ್ಲಿದೆಯೆಂದು ಅವರ ಬೆರಳಿಗೆ ಗೊತ್ತು. ಪಾತ್ರೆಯಂಗಡಿಯವನಿಂದ ಎಲೆಯಾಕಾರದ ಸ್ಟೀಲ್ ತಟ್ಟೆ ಮಾಡಿಸಿ, ಅದರಲ್ಲಿ ಗುಳಿ ಹೊಡೆಸಿದರು. ಉಪ್ಪಿನ ಜಾಗದಲ್ಲಿ ಖಾಲಿ ಹೊಟ್ಟೆಯ ಥೈರಾಯ್ಡ್ ಮಾತ್ರೆ. ಪಲ್ಯದ ಜಾಗದಲ್ಲಿ ಬಿಪಿಯದ್ದು. ಪಾಯಸದ ಜಾಗದಲ್ಲಿ, ಬೇಕೆಂದೇ, ಸಕ್ಕರೆ ಕಾಯಿಲೆಯದ್ದು. ಮಜ್ಜಿಗೆಯ ಜಾಗದಲ್ಲಿ ನಿದ್ದೆಯದ್ದು; ಮಜ್ಜಿಗೆಯಾದ ಮೇಲೆ ಎಚ್ಚರವಿದ್ದು ಯಾರಿಗೇನಾಗಬೇಕು?

ಪಕ್ಕದ ಮನೆಯ ಘೋಷಾಲ್ ಬಾಬುವಿಗೂ ಕಣ್ಣು ಮಂಜು. ಅವರು ತಟ್ಟೆಯನ್ನು ತಡವಿ ನೋಡಿ ಮುಖ ಹುಳಿ ಮಾಡಿದರು.

"ದಾದಾ, ಊಟ ಕಹಿಯಿಂದ ಶುರುವಾಗಬೇಕು. ಹಾಗಲಕಾಯಿಯ ಶುಕ್ತೋ ಎಲ್ಲಿ? ಅದು ಹೋಗಲಿ, ಮೀನೆಲ್ಲಿ?"

ಹರಿದಾಸರು ಅವರಿಗಾಗಿ ಬೇರೆ ತಟ್ಟೆ ಮಾಡಿಸಿದರು, ಹಾಗಲಕಾಯಿಗೊಂದು ಗುಳಿ, ಮೀನಿಗೊಂದು ಗುಳಿ. ಮೀನಿನ ಗುಳಿಯನ್ನು ಮುಟ್ಟಿದಾಗಲೆಲ್ಲ ಕೈ ತೊಳೆದುಕೊಂಡರು. "ಬರೀ ಜಾಗ ಅಲ್ವಾ ಅಪ್ಪ," ಎಂದು ದಿನೇಶ ನಕ್ಕರೆ, "ಜಾಗಕ್ಕೂ ವಾಸನೆ ಉಂಟು," ಎಂದರು.

ಕಸ್ಬಾದ ಕ್ಲಿನಿಕ್ಕಿನ ಡಾಕ್ಟರ್ ಪ್ರಣೀತಾ ಕರಾವಳಿಯ ಬ್ಯಾಂಕಿನವರ ಮಗಳು, ಬೆಳೆದದ್ದು ಇಲ್ಲಿ. ತಟ್ಟೆ ನೋಡಿ ಅವಳಿಗೆ ಖುಷಿಯಾಯಿತು. ಕಣ್ಣು ಕಾಣದವರಿಗೆ, ಓದು ಬಾರದವರಿಗೆ ಇಂಥದ್ದೇ ಬೇಕು, ಆದರೆ ಮೊದಲು ಪರೀಕ್ಷೆ, ಎಂದಳು. ಮಾತ್ರೆಯ ಬದಲು ಪೆಪ್ಪರಮಿಂಟು. ಹರಿದಾಸರು, ಘೋಷಾಲ್ ಬಾಬು ಇಬ್ಬರೂ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಸಾಲಾಗಿ ತಿನ್ನಬೇಕು. ತಪ್ಪಿದರೆ ಸೋಮವಾರದಿಂದ ಆಯಾ, ಎಂದು ದಿನೇಶ ಬಾಗಿಲಲ್ಲೇ ನಿಂತ.

ಪೆಪ್ಪರಮಿಂಟು ಇಟ್ಟಾಯಿತು. ಹರಿದಾಸರು ಕೈ ಕಟ್ಟಿ ಕೂತರು. ಅಲ್ಲಾಡಲಿಲ್ಲ.

"ಅಂಕಲ್, ಸ್ಟಾರ್ಟ್ ಮಾಡಿ."

"ಆಗ್ಲಿ," ಎಂದರು. ಕೈ ಮಾತ್ರ ಚಾಚಲಿಲ್ಲ. ಅವರು ಶುರುಮಾಡದೆ ತಾವು ಹೇಗೆ ಮಾಡುವುದೆಂದು ಘೋಷಾಲ್ ಬಾಬುವೂ ಕೂತರು.

"ಮರೆತುಬಿಟ್ರಾ?" ಎಂದು ಡಾಕ್ಟರು ಪಿಸುಗುಟ್ಟಿದಳು. ದಿನೇಶ ಆಯಾಳ ನಂಬರು ಹುಡುಕಲು ಫೋನು ತೆಗೆದ. ಹರಿದಾಸರಿಗೆ ಸೋಮವಾರ ಎದುರಿಗೇ ಬಂದು ನಿಂತಂತಾಯಿತು. ಆದರೂ ಪಂಕ್ತಿಯಲ್ಲಿ ಕೂತು, ಯಾರೂ ಹೇಳುವ ಮೊದಲೇ ಎಲೆಗೆ ಕೈ ಹಾಕುವುದೆಂದರೇನು?

ದಿನೇಶನೂ ಮದುವೆಮನೆಗಳಲ್ಲಿ ಬಡಿಸಿದವನೇ. ಫೋನಿನಿಂದ ತಲೆಯೆತ್ತಿ ಅಪ್ಪನ ಕಟ್ಟಿದ ಕೈಯನ್ನು ನೋಡಿದ. ಎರಡೂ ತಟ್ಟೆಯ ಮೇಲೆ ಸರಸರನೆ ಕಣ್ಣಾಡಿಸಿ, ಎಲ್ಲ ಬಡಿಸಿದೆಯೆಂದು ಖಾತ್ರಿಯಾದ ಮೇಲೆ, ಊಟ ಶುರುಮಾಡಿಸುವ ಕೂಗನ್ನು ಕ್ಲಿನಿಕ್ಕು ನಡುಗುವಂತೆ ಕೂಗಿದ:

"ಗೋವಿಂದಾ!"

"ಗೋವಿಂದ!" ಎಂದು ಹರಿದಾಸರು ಉಪ್ಪಿಗೆ ಕೈ ಹಾಕಿದರು. ಪಲ್ಯ, ಪಾಯಸ, ಮಜ್ಜಿಗೆ, ಒಂದೂ ತಪ್ಪಲಿಲ್ಲ. ಘೋಷಾಲ್ ಬಾಬುವೂ ಕಹಿಯಿಂದ ಹಿಡಿದು ಸರಿಯಾಗಿಯೇ ಮುಗಿಸಿದರು, ಮೀನಿನ ಜಾಗದ ಪೆಪ್ಪರಮಿಂಟನ್ನು ಮಾತ್ರ ಬಹಳ ಹೊತ್ತು ಚೀಪಿದರು. ಪಂಕ್ತಿಯವರು ಮುಗಿಸದೆ ಏಳುವಂತಿಲ್ಲವೆಂದು ಹರಿದಾಸರು ಕಾದರು.

"ತಟ್ಟೆ ನೋಡಿದ ಮೇಲೆ ಕೂಗೋದು, ಕೂಗಿದ ಮೇಲೆ ನುಂಗೋದು," ಎಂದಳು ಡಾಕ್ಟರು. "ಇದೂ ತಟ್ಟೆ ಜೊತೆಗೇ ಇರಲಿ."

ಆಯಾ ಬರಲಿಲ್ಲ. ಈಗ ಕ್ಲಿನಿಕ್ಕಿನ ಸಿಸ್ಟರು ದಿನಾ ರೋಗಿಗಳ ತಟ್ಟೆ ನೋಡಿ "ಗೋಬಿಂದೋ!" ಎನ್ನುತ್ತಾಳೆ. ಮನೆಯಲ್ಲಿ ಕೂಗುವವ ದಿನೇಶ; ಮೊನ್ನೆ ಅವನು ತುಂಬಿದ ಬಸ್ಸಿನಲ್ಲಿದ್ದಾಗ ಅಪ್ಪನ ಬಿಪಿ ಮಾತ್ರೆಯ ಹೊತ್ತಾಯಿತು. ವಿಡಿಯೋದಲ್ಲಿ ತಟ್ಟೆ ನೋಡಿ, ನಾಚಿಕೆ ಬಿಟ್ಟು ಕೂಗಿದ. ಇಡೀ ಬಸ್ಸು ದೇವರ ಜೈಕಾರವೆಂದುಕೊಂಡು "ಹೊರಿಬೋಲ್!" ಎಂದಿತು. ಇಷ್ಟು ಜನರ ಪಂಕ್ತಿ ಸಿಕ್ಕಿ ಎಷ್ಟು ಕಾಲವಾಯಿತೋ ಎಂದುಕೊಂಡು ಹರಿದಾಸರು ಪಲ್ಯದ ಜಾಗದ್ದನ್ನು ನುಂಗಿದರು.